ಕಡಿಯದ ಕರೆ: ‘ದಾಟ್ತು’ ಅಂದವರು ಯಾರು?

“ನೀನ್ಯಾಕೆ ಬಂದೆ ಇಲ್ಲಿಗೆ?”

ಸತ್ತವರು ಮತ್ತೆ ಕೇಳಿದರು. ಇನ್ಸ್‌ಪೆಕ್ಟರಮ್ಮ ನಿಲ್ಲಿಸಿದಳು, ಹಿಂದಕ್ಕೆ ಎಳೆದಳು, ಮತ್ತೆ ಬಿಟ್ಟಳು. ಬೆಳಗಿನಿಂದ ಇದೇ ಕೆಲಸ. ಹೆಡ್‌ಫೋನಿನ ಒತ್ತಿಗೆ ಕಿವಿ ಕೆಂಪಗಾಗಿತ್ತು, ತಲೆಯೊಳಗೆ ಆ ಒಂದೇ ವಾಕ್ಯ ಗಿರಕಿ ಹೊಡೆಯುತ್ತಿತ್ತು.

“ನೀನ್ಯಾಕೆ ಬಂದೆ ಇಲ್ಲಿಗೆ?”

ಆಸ್ಪತ್ರೆಯ ವೈಫೈ, ಬೀದಿಯ ಮೊಬೈಲ್ ಟವರ್, ಆಂಬುಲೆನ್ಸಿನ ವೈರ್‌ಲೆಸ್ಸು. ಒಂದರ ಮುಖ ಒಂದು ನೋಡದ ಈ ಮೂರನ್ನೂ ಹೆಣೆದು, ಫೋನು ಹಿಡಿದವರು ಎಲ್ಲಿಂದ ಎಲ್ಲಿಗೆ ಓಡಿದರೂ ಮಾತು ಕಡಿಯದಂತೆ ಮಾಡುವ ಕೆಲಸಕ್ಕೆ ಹಿರಿಯರಾಗಿದ್ದ ಎಂಜಿನಿಯರು, ಎಲ್ಲರ ಬಾಯಲ್ಲಿ ‘ಮೇಷ್ಟ್ರು’, ಮೊನ್ನೆ ಊಟದ ಹೊತ್ತಿನಲ್ಲಿ ಅದೇ ಆಸ್ಪತ್ರೆಯ ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಸತ್ತಿದ್ದರು. ಸಾಯುವಾಗ ಅವರು ಫೋನಿನಲ್ಲಿದ್ದರು. ಪರೀಕ್ಷೆಯ ಕರೆಗಳೆಲ್ಲ ಕಂಪನಿಯ ಯಂತ್ರದಲ್ಲಿ ತಾವಾಗಿ ಧ್ವನಿಮುದ್ರಣವಾಗುತ್ತಿದ್ದವು. ಹೀಗಾಗಿ ಒಂದು ಸಾವು ಅಡಿಯಿಂದ ಮುಡಿಯವರೆಗೆ ಇನ್ಸ್‌ಪೆಕ್ಟರಮ್ಮನ ಕಿವಿಯೊಳಗೆ ಬಂದು ಕೂತಿತ್ತು, ಆದರೂ ಕೊಂದವರ ಹೆಸರು ಮಾತ್ರ ಹೇಳುತ್ತಿರಲಿಲ್ಲ.

ಹೊರಗೆ ಠಾಣೆಯ ಗೇಟು ಕಿರುಚಿತು. ಆ ಗೇಟಿನ ದನಿಯೇ ಬೇರೆ. ಮೊದಲು ಉದ್ದಕ್ಕೆ ಕಿರ್ರ್ ಎಂದು ಅಳುತ್ತದೆ, ಕೊನೆಗೆ ಮಗು ಬಿಕ್ಕಿದ ಹಾಗೆ ಒಂದು ಸಲ ಟಕ್ಕೆನ್ನುತ್ತದೆ.

“ದಫೇದಾರ್ರೇ, ಆ ಗೇಟಿಗೆ ಒಂದು ತೊಟ್ಟು ಎಣ್ಣೆ ಹಾಕಿಸಿ ಅಂತ ಎಷ್ಟು ಸಲ ಹೇಳ್ಬೇಕು?”

“ಹಾಕಿಸ್ತೀನಿ ಮೇಡಂ. ಆದ್ರೆ ಯಾರು ಬಂದ್ರು, ಯಾರು ಹೋದ್ರು ಅಂತ ಹೇಳೋದು ಅದೊಂದೇ. ನಮ್ಮ ಪಹರೆಯವರಿಗಿಂತ ನಿಯತ್ತಿನದ್ದು.” ದಫೇದಾರ ಬಾಗಿಲಲ್ಲಿ ನಿಂತು ಟೋಪಿ ತೆಗೆದ. ತಲೆ ನರೆತಿದ್ದರೂ ನಾಲಿಗೆಗೆ ಇನ್ನೂ ಮೀಸೆ ಬಂದಿರದ ಮನುಷ್ಯ. “ಸಾಹೇಬ್ರ ಫೋನು ಬಂದಿತ್ತು. ಊಟ ಆದ್ಮೇಲೆ ಬರ್ತಾರಂತೆ. ಪಂಚರನ್ನ ಕರೆಸಿ ಮೇಷ್ಟ್ರ ಗಾಡಿ ಶೋಧನೆ ಮುಗಿಸಿ, ಅದರ ಡ್ರೈವರನ್ನ ಕೋರ್ಟಿಗೆ ಹಾಕಿ ಅಂದ್ರು.”

“ಫೋನ್ ಸಿಕ್ತಾ ಅಂತ ಕೇಳಿದ್ರಾ?”

“ಕೇಳಿದ್ರು. ಮೇಷ್ಟ್ರ ಫೋನ್ ಆ ಗಾಡೀಲಿ ಸಿಕ್ಕಿಬಿಟ್ರೆ ಕೇಸು ಮುಗೀತು, ಸಿಹಿ ಹಂಚಿ ಅಂದ್ರು.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ಸಾಹೇಬರು. ಇನ್ಸ್‌ಪೆಕ್ಟರಮ್ಮ ಕಿಟಕಿಯಾಚೆ ನೋಡಿದಳು. ಅಂಗಳದಲ್ಲಿ, ಗೇಟಿಗೆ ಹತ್ತಿಕೊಂಡಂತೆ, ಪರೀಕ್ಷೆಯ ಬಿಳಿ ವ್ಯಾನು ನಿಂತಿತ್ತು. ಮೇಷ್ಟ್ರನ್ನೂ ಅವರ ಯಂತ್ರಗಳನ್ನೂ ಹೊತ್ತು ತಿರುಗುತ್ತಿದ್ದ ಗಾಡಿ. ಒಳಗೆ ಹಸಿರು ದೀಪವೊಂದು ಮಿಣುಕುತ್ತಲೇ ಇತ್ತು.

“ಅದನ್ನ ಆರಿಸೋಕಾಗಿಲ್ವಾ?”

“ಯಾವ ತಂತಿ ಎಳೆದ್ರೆ ಏನಾಗುತ್ತೋ ಅಂತ ಬಿಟ್ಟಿದೀವಿ. ಗಾಡಿಗೇ ಒಂದು ವೈಫೈ ಇದೆಯಂತೆ ಮೇಡಂ. ನಮ್ಮ ಹುಡುಗ್ರು ಬಿಟ್ಟಿ ಸಿಕ್ತು ಅಂತ ಸುತ್ತ ನೆರೆದ್ರು. ದರಿದ್ರದ್ದು, ಪಾಸ್‌ವರ್ಡ್ ಕೇಳುತ್ತೆ. ಅವರ ಪರೀಕ್ಷೆ ಫೋನುಗಳು ಹತ್ತಿರ ಬಂದ್ರೆ ಮಾತ್ರ ತಾನಾಗೇ ಹಿಡ್ಕೊಳುತ್ತಂತೆ.”

“ಗಾಡಿ ಕೀ?”

“ಡ್ರೈವರದ್ದು ನನ್ನ ಹತ್ರ ಇದೆ. ಇನ್ನೊಂದು ಮೇಷ್ಟ್ರ ಮನೇಲಿದೆ. ಅವರ ಹೆಂಡತಿಗೆ ಹುಷಾರಿಲ್ಲ, ಹಾಸಿಗೆ ಬಿಟ್ಟು ಎದ್ದಿಲ್ಲ, ಸಂಜೆ ಯಾರ ಕೈಲಾದ್ರೂ ಕಳಿಸ್ತೀನಿ ಅಂದ್ರು.”

“ಡ್ರೈವರ್ ಏನಂತಾನೆ?”

ದಫೇದಾರನ ನಗು ಕುಗ್ಗಿತು. “ಇವತ್ತು ಏನೂ ಅನ್ನಲ್ಲ ಮೇಡಂ. ನಿನ್ನೆವರೆಗೂ ‘ನಾನಲ್ಲ, ಮೇಲೆತ್ತೋಕೆ ಹೋದೆ, ಅಂಗಿಗೆ ರಕ್ತ ಆಯ್ತು, ಹೆದರಿ ಓಡಿದೆ’ ಅಂತ ಬಡ್ಕೋತಿದ್ದ. ಈಗ ಗೋಡೆಗೆ ಮುಖ ಮಾಡಿ ಕೂತಿದಾನೆ. ಎಲ್ಲಿ ಸಹಿ ಹಾಕ್ಬೇಕು ಹೇಳಿ ಅಂತಾನೆ.”

ತಪ್ಪು ಮಾಡಿದವನು ಕೊನೆಯವರೆಗೂ ವಾದ ಮಾಡುತ್ತಾನೆ. ಮಾಡದವನೇ ಬೇಗ ಸುಸ್ತಾಗುವುದು. ಇಷ್ಟು ವರ್ಷದ ನೌಕರಿಯಲ್ಲಿ ಅವಳು ಇದನ್ನು ಹಲವು ಸಲ ಕಂಡಿದ್ದಳು, ಒಂದೆರಡು ಸಲ ತಡವಾಗಿ ಕಂಡಿದ್ದಳು.

“ಅವನ ಅಕ್ಕ ಇದಾರಾ?”

“ಎಲ್ಲಿ ಹೋಗ್ತಾರೆ ಮೇಡಂ? ಗೇಟಿನ ಪಕ್ಕದ ಕಲ್ಲುಬೆಂಚೇ ಅವರ ಮನೆ ಆಗೋಗಿದೆ.”

“ಕರೀರಿ.”

ಡ್ರೈವರನ ಅಕ್ಕ ಆಸ್ಪತ್ರೆಯ ನರ್ಸುಗಳಿಗೆ ಸಮವಸ್ತ್ರ ಹೊಲಿಯುವವಳು. ಬೀದಿಯವರಿಗೆಲ್ಲ ಟೈಲರಕ್ಕ. ತಾಯಿ ಇಲ್ಲದ ತಮ್ಮನನ್ನು ಹೊಲಿಗೆ ಮಿಷಿನ್ನಿನ ಕೆಳಗೆ ಮಲಗಿಸಿ ಬೆಳೆಸಿದವಳು. ಎದೆಯ ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿಯಲ್ಲಿ ಬಿಳಿ ದಾರದ ತುಂಡೊಂದು ಇನ್ನೂ ನೇತಾಡುತ್ತಿತ್ತು. ಕೈಯಲ್ಲಿ ಬುತ್ತಿಡಬ್ಬಿ.

“ತಿನ್ನಲಿಲ್ಲ,” ಎಂದಳು, ಯಾರೂ ಕೇಳದೆ. “ನಂಗೆ ಮುಖಾನೂ ತೋರಿಸ್ತಿಲ್ಲ. ಒಪ್ಕೊಂಡ್ಬಿಡ್ತೀನಿ ಅಕ್ಕ, ನೀನು ಮನೆಗೆ ಹೋಗು ಅಂತಾನೆ. ಒಪ್ಕೊಂಡ್ರೆ ನಾನು ಯಾವ ಮನೆಗೆ ಹೋಗ್ಲಮ್ಮ?”

“ಕೂತ್ಕೊಳ್ಳಿ ಅಕ್ಕ. ಒಂದು ಮಾತು ಕೇಳಿಸ್ತೀನಿ. ಮೇಷ್ಟ್ರ ದನಿ. ನಿಮ್ಮ ತಮ್ಮನಿಗೆ ಹೇಳಿದ ಹಾಗಿದೆಯಾ ಹೇಳಿ.”

ಹೆಡ್‌ಫೋನು ಅವಳ ಕಿವಿಗೆ ಹೋಯಿತು. ಟೈಲರಕ್ಕ ಕಣ್ಣು ಮುಚ್ಚಿ ಕೇಳಿದಳು. ಸತ್ತವರ ದನಿ ಕೇಳುವಾಗ ಯಾರೂ ಕಣ್ಣು ತೆರೆದಿರುವುದಿಲ್ಲ.

“ಇದು ನನ್ ತಮ್ಮಂಗೆ ಹೇಳಿದ್ದಲ್ಲ.”

“ಅಷ್ಟು ಖಾತ್ರಿಯಾಗಿ ಹೇಗೆ ಹೇಳ್ತೀರಿ?”

“‘ನೀನು’ ಅಂತಿದಾರಲ್ಲಮ್ಮ.” ಟೈಲರಕ್ಕನಿಗೆ ಇವರಿಗೆ ಇಷ್ಟೂ ಗೊತ್ತಾಗಲಿಲ್ಲವೇ ಎಂದು ಅಚ್ಚರಿ. “ಮೇಷ್ಟ್ರು ಅವನನ್ನ ಒಂದಿನಾನೂ ಏಕವಚನದಲ್ಲಿ ಕರೆದವರಲ್ಲ. ಅವತ್ತು ಬೆಳಿಗ್ಗೆ ಎಲ್ಲರೆದುರು ಬೈದಾಗಲೂ ‘ನಾಳೆಯಿಂದ ನೀವು ಬರಬೇಡಿ’ ಅಂತಾನೇ ಬೈದ್ರಂತೆ. ಮನೆಗೆ ಫೋನ್ ಮಾಡಿ ಅದನ್ನೇ ಹೇಳ್ಕೊಂಡು ಅತ್ತ. ಕೆಲಸದಿಂದ ತೆಗೆಯೋವಾಗ್ಲೂ ಮರ್ಯಾದೆ ಬಿಡಲಿಲ್ಲ ಅಕ್ಕ, ಹೊಡೆದಿದ್ರೂ ಇಷ್ಟು ಬೇಜಾರಾಗ್ತಿರಲಿಲ್ಲ ಅಂದ.”

ದಫೇದಾರ ಗಂಟಲು ಸರಿಮಾಡಿಕೊಂಡ. “ಹೌದು ಮೇಡಂ. ಕಸ ಗುಡಿಸೋರಿಗೂ ಬಹುವಚನವಂತೆ. ಆಸ್ಪತ್ರೇಲೂ ಹೇಳಿದ್ರು. ನಾನು ಅದನ್ನ ದೊಡ್ಡದಾಗಿ ತಗೊಳ್ಳಲಿಲ್ಲ. ನಮ್ಮ ಠಾಣೇಲಿ ಬಹುವಚನ ಎಲ್ಲಿ ಬರುತ್ತೆ ಹೇಳಿ, ಯಾರೂ ನೆನಪಿಡಲ್ಲ.”

ಮೇಷ್ಟ್ರು ‘ನೀನು’ ಎನ್ನುವುದು ಯಾರಿಗೆ? ಮನೆಯವರಿಗೆ. ಮನೆಯೆಂದರೆ ಹೆಂಡತಿ, ಹೆಂಡತಿಯ ತಮ್ಮ, ಇಬ್ಬರೇ. ಆ ತಮ್ಮನೇ ಕರೆಯ ಇನ್ನೊಂದು ತುದಿಯಲ್ಲಿದ್ದವನು, ರಸ್ತೆಯಾಚೆಯ ಪ್ರಯೋಗಶಾಲೆಯಲ್ಲಿ, ಕುರ್ಚಿ ಬಿಟ್ಟು ಕದಲದೆ. ಹಾಗೆಂದು ಅವನೇ ಹೇಳಿದ್ದ. ಕರೆ ಒಂದು ಕ್ಷಣವೂ ಕಡಿದಿಲ್ಲ ನೋಡಿ ಎಂದು ಮುದ್ರಣವನ್ನೂ ಅವನೇ ತಂದುಕೊಟ್ಟಿದ್ದ.

ಕಡಿಯದ ಕರೆಯೇ ಸಾಕ್ಷಿ ಎಂದು ಅವರೆಲ್ಲ ನಂಬಿಕೊಂಡಿದ್ದರು. ಇನ್ಸ್‌ಪೆಕ್ಟರಮ್ಮ ಹೆಡ್‌ಫೋನು ಮತ್ತೆ ಏರಿಸಿ ಮೊದಲಿನಿಂದ ಹಾಕಿದಳು.

“ಕೂತಿದೀನಿ ಕಣೋ, ಮೆಟ್ಟಿಲ ಮೇಲೆ. ಮಂಡಿ ನೋವು, ಇಲ್ಲಿಂದ ಏಳೋದಿಲ್ಲ. ನೀನು ಶುರು ಮಾಡು.” ಮೇಷ್ಟ್ರು.

“ಸರಿ ಭಾವ.” ಭಾವಮೈದ.

ಒಂದಿಷ್ಟು ಹೊತ್ತು ಸಿಗ್ನಲ್ಲಿನ ಮಾತು. ಆಮೇಲೆ, “ನೀನ್ಯಾಕೆ ಬಂದೆ ಇಲ್ಲಿಗೆ?” ಆಮೇಲೆ ಏದುಸಿರು, ದಡದಡ ಸದ್ದು. ಆ ಸದ್ದಿನ ನಡುವೆ ಗಂಡುದನಿಯಲ್ಲಿ ಚಿಕ್ಕದೊಂದು ಮಾತು: “ದಾಟ್ತು.” ಆಮೇಲೆ ಬಿದ್ದ ಸದ್ದು. ಆಮೇಲೆ “ಭಾವ? ಭಾವಾ!” ಎಂಬ ಕೂಗು. ತುಸು ಹೊತ್ತಿನ ಮೌನ. ಕೊನೆಗೆ, ಜೀವ ಹೋಗುವವರ ನರಳಿಕೆಯಂಥ ಪಿಸುದನಿ, ಅಲ್ಲಿಗೆ ಕರೆ ಮುಗಿಯುತ್ತದೆ.

‘ದಾಟ್ತು.’ ಇದನ್ನು ಎಲ್ಲರೂ ಮೇಷ್ಟ್ರ ತಲೆಗೆ ಕಟ್ಟಿದ್ದರು. ಪರೀಕ್ಷೆಯವರ ಏನೋ ಒಂದು ಭಾಷೆ ಎಂದು ಅವಳೂ ದಾಟಿಸಿಬಿಟ್ಟಿದ್ದಳು.

“ದಫೇದಾರ್ರೇ, ಗಾಡಿ ಹತ್ರ ಯಾರನ್ನೂ ಬಿಡಬೇಡಿ. ಡ್ರೈವರ್ ಕೈಗೆ ಕಾಗದ, ಪೆನ್ನು ಎರಡೂ ಕೊಡಬೇಡಿ. ನಾನು ಬರೋವರೆಗೆ ಸಾಹೇಬ್ರಿಗೆ ಏನಾದ್ರೂ ಕಥೆ ಹೇಳ್ತಿರಿ.”

“ಕಥೆಗೇನು ಬರ ಮೇಡಂ,” ಎಂದ ದಫೇದಾರ.

*

ಪ್ರಯೋಗಶಾಲೆ ಆಸ್ಪತ್ರೆಯ ಎದುರಿನ ಕಟ್ಟಡದ ಮೇಲಂತಸ್ತಿನಲ್ಲಿತ್ತು. ಉದ್ದನೆಯ ಮೇಜುಗಳ ಮೇಲೆ ಫೋನುಗಳು ಸಾಲಾಗಿ ಮಲಗಿದ್ದವು, ಪ್ರತಿಯೊಂದರ ಬೆನ್ನಿಗೂ ಹಳದಿ ಚೀಟಿ. ಕಿಟಕಿಯ ಬಳಿಯ ಕುರ್ಚಿಯೊಂದರ ಬೆನ್ನಿಗೆ ಮೇಷ್ಟ್ರ ಬೂದು ಸ್ವೆಟರು ಇನ್ನೂ ನೇತಾಡುತ್ತಿತ್ತು. ಅದನ್ನು ತೆಗೆದಿಡುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಭಾವಮೈದ ಎದ್ದು ನಿಂತ. ಮೂವತ್ತರ ಆಸುಪಾಸು, ಕೆಂಪು ಕಣ್ಣು, ಮೂರು ದಿನದ ಗಡ್ಡ. ದುಃಖ ನಿಜವಾಗಿಯೇ ಇತ್ತು. ಅದೇ ಇನ್ಸ್‌ಪೆಕ್ಟರಮ್ಮನಿಗೆ ತೊಡಕಾಗಿದ್ದು.

“ಅಕ್ಕ ಹೇಗಿದಾರೆ?” ಎಂದು ಕೇಳಿದಳು.

“ಮಲಗಿದಾಳೆ ಮೇಡಂ. ನೀರೂ ಕುಡೀತಿಲ್ಲ.”

“ಒಂದು ಸಣ್ಣ ಅನುಮಾನ, ಅದಕ್ಕೇ ಬಂದೆ. ‘ದಾಟ್ತು’ ಅಂದ್ರೇನು?”

ಅವನ ಮುಖಕ್ಕೆ ತುಸು ಕಳೆ ಬಂತು. ಕೆಲಸದ ಮಾತು ಬಂದರೆ ಎಂಥ ದುಃಖಿಗೂ ಹಾಗೆ ಆಗುತ್ತದೆ. “ನೀವು ಮಾತಾಡ್ತಾ ಮನೆಯಿಂದ ಹೊರಗೆ ಬರ್ತೀರಿ ಅಂದ್ಕೊಳ್ಳಿ. ಮನೆ ವೈಫೈ ದೂರ ಆಗುತ್ತೆ, ಬೀದಿ ಟವರ್ ಹತ್ರ ಆಗುತ್ತೆ. ಎಲ್ಲೋ ಒಂದು ಕಡೆ ಕರೆ ಇದರ ಕೈಯಿಂದ ಅದರ ಕೈಗೆ ಹೋಗ್ಬೇಕು. ನಿಮಗೆ ಗೊತ್ತೇ ಆಗಬಾರದು, ಅದೇ ನಮ್ಮ ಕೆಲಸ. ಆದ್ರೆ ಪರೀಕ್ಷೆ ಮಾಡೋರಿಗೆ ಗೊತ್ತಾಗ್ಬೇಕಲ್ಲ? ಅದಕ್ಕೆ ನಮ್ಮ ಫೋನುಗಳಲ್ಲಿ, ಮನೆಯವರ ಫೋನುಗಳಲ್ಲೂ, ಆ ಹೊತ್ತಿಗೆ ಕಿವೀಲಿ ಟಿಕ್ ಅನ್ನೋ ಹಾಗೆ ಮಾಡಿದೀವಿ. ಟಿಕ್ ಅಂದ ಕೂಡ್ಲೇ ‘ದಾಟ್ತು’ ಅಂತೀವಿ. ಮುದ್ರಣದಲ್ಲಿ ಗುರುತು ಉಳಿಯುತ್ತೆ.”

“ಟಿಕ್ ಇಬ್ಬರಿಗೂ ಕೇಳುತ್ತಾ?”

“ಇಲ್ಲ, ಯಾರ ಫೋನ್ ದಾಟುತ್ತೋ ಅವರಿಗೆ ಮಾತ್ರ.”

“ಹಾಗಾದ್ರೆ ಈ ಮುದ್ರಣದಲ್ಲಿ ‘ದಾಟ್ತು’ ಅಂದಿದ್ದು...”

“ಭಾವ.” ಉತ್ತರ ಪ್ರಶ್ನೆಗಿಂತ ಮುಂಚೆಯೇ ಬಂದಂತಿತ್ತು. “ಭಾವಾನೇ ಅಂದಿದ್ದು.”

“ಅವರು ಕೂತಿದ್ರಲ್ಲ? ಏಳೋದಿಲ್ಲ, ಮಂಡಿ ನೋವು ಅಂತ ಅವರೇ ಹೇಳ್ತಾರೆ.”

“ಕೆಲವು ಸಲ ಸಿಗ್ನಲ್ ಬೀಳುತ್ತೆ ಮೇಡಂ. ಕೂತಲ್ಲೇ ದಾಟಿಬಿಡುತ್ತೆ.”

“ಎಲ್ಲಿಗೆ?”

“ಅಂದ್ರೆ?”

“ಆ ನೆಲಮಾಳಿಗೇಲಿ ಟವರ್ ಸಿಗೋದೇ ಇಲ್ಲ. ಮೊನ್ನೆ ನನ್ನ ಫೋನು ಅಲ್ಲಿ ಸತ್ತು ಹೋಗಿತ್ತು. ಅದಕ್ಕೇ ತಾನೇ ಮೇಷ್ಟ್ರು ಪರೀಕ್ಷೆಗೆ ಆ ಜಾಗ ಆರಿಸಿದ್ದು? ದಾಟೋಕೆ ಆಚೆ ದಡ ಬೇಕಲ್ಲಪ್ಪ.”

ಅವನು ಮೇಜಿನ ಮೇಲಿನ ಫೋನೊಂದನ್ನು ನೆಟ್ಟಗೆ ಮಾಡಿದ. ನೆಟ್ಟಗೇ ಇದ್ದ ಫೋನು.

“ಹಾಗಾದ್ರೆ ಬೇರೆ ಏನೋ ಅಂದಿರ್ಬೇಕು. ನಮಗೆ ಹಾಗೆ ಕೇಳಿಸಿದೆ, ಅಷ್ಟೇ.”

“ಇರಬಹುದು. ಯಾವ ಫೋನು ಯಾವ ಹೊತ್ತಿಗೆ ಎಲ್ಲಿತ್ತು ಅಂತ ನಿಮ್ಮ ಯಂತ್ರ ಬರೆದಿಡುತ್ತಲ್ಲ?”

“ಅವತ್ತಿನದು ಬಂದಿಲ್ಲ ಮೇಡಂ. ಯಂತ್ರ ಕೈಕೊಟ್ಟಿತ್ತು.”

ಕೈಕೊಡುವುದಕ್ಕೆ ಅದಕ್ಕೆ ಬೇರೆ ದಿನ ಸಿಗಲಿಲ್ಲವೇನೋ. ಟವರ್ ಕಂಪನಿಯವರಿಂದ ಲೆಕ್ಕ ತರಿಸಬಹುದಿತ್ತು. ಅದು ಬರುವಷ್ಟರಲ್ಲಿ ಗೋಡೆಗೆ ಮುಖ ಮಾಡಿದವನು ಜೈಲಿನ ಗೋಡೆ ನೋಡುತ್ತಿರುತ್ತಾನೆ.

ಇನ್ಸ್‌ಪೆಕ್ಟರಮ್ಮನಿಗೆ ಅಪ್ಪನ ನೆನಪಾಯಿತು. ಅಪ್ಪ ದೊಡ್ಡ ಕಚೇರಿಯೊಂದರಲ್ಲಿ ಲಿಫ್ಟು ನಡೆಸುತ್ತಿದ್ದರು. ನಿವೃತ್ತರಾದ ಮೇಲೂ ಮನೆಯಲ್ಲಿ ಯಾರು ಬಾಗಿಲು ತೆರೆದರೂ, ಪೇಪರಿನಿಂದ ತಲೆಯೆತ್ತದೆ, “ಯಾವ ಮಹಡಿ?” ಎನ್ನುತ್ತಿದ್ದರು. ಅಮ್ಮ “ಅಡುಗೆಮನೆ” ಎಂದು ಹೇಳಿ ಒಳಗೆ ಹೋಗುತ್ತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕಲಿತ ಕೆಲಸ ಅದಕ್ಕಿಂತ ಗಟ್ಟಿ, ಅದು ನಾಲಿಗೆಯಲ್ಲೇ ಬೇರು ಬಿಟ್ಟಿರುತ್ತದೆ.

“ನನ್ನ ಜೊತೆ ಆಸ್ಪತ್ರೆಗೆ ಬನ್ನಿ,” ಎಂದಳು. “ಆ ಜಾಗ ಒಂದ್ಸಲ ತೋರಿಸಿ. ನಾನು ಕೆಳಗಿರ್ತೀನಿ.”

ಪ್ರಯೋಗಶಾಲೆಯ ಮೆಟ್ಟಿಲಿಳಿದು, ಎರಡನೇ ತಿರುವಿನಲ್ಲಿ ನಿಂತು ಅವನಿಗೆ ಫೋನು ಮಾಡಿದಳು.

“ಹೊರಟ್ರಾ? ಇಡಬೇಡಿ, ಮಾತಾಡ್ತಾನೇ ಬನ್ನಿ. ಒಂದು ವಿಷಯ ಕೇಳೋದು ಮರೆತೆ. ಈ ಜಾಲ ಹೆಣೆಯೋ ಯೋಚನೆ ಮೊದಲು ಹೊಳೆದಿದ್ದು ಮೇಷ್ಟ್ರಿಗೇ ಅಲ್ವಾ? ಪತ್ರಿಕೇಲಿ ಹಾಗೇ ಬಂದಿತ್ತು.”

ಆ ತುದಿಯಲ್ಲಿ ಬಾಗಿಲು ಮುಚ್ಚಿದ ಸದ್ದು. “ಎಲ್ಲರೂ ಹಾಗೇ ಅಂದ್ಕೊಂಡಿದಾರೆ.”

“ಅಲ್ವಾ ಮತ್ತೆ?”

“ಸತ್ತವರ ಬಗ್ಗೆ ಯಾಕೆ ಬಿಡಿ.”

“ದೊಡ್ಡ ತಲೆ ಅವರದು. ನಿಮ್ಮ ಅಕ್ಕ ಪುಣ್ಯ ಮಾಡಿದ್ರು, ಅಂಥ ಗಂಡ ಸಿಗೋಕೆ.”

“ಪುಣ್ಯಾನಾ!” ಮೇಲೆ ಹೆಜ್ಜೆಗಳು ಬಿರುಸಾದವು. “ಮೇಡಂ, ನಿಮಗೇನೂ ಗೊತ್ತಿಲ್ಲ. ಮದುವೆಗೆ ಮುಂಚಿಂದ ಈ ಕೆಲಸ ಅವಳದು. ಅಡುಗೆಮನೆಯಿಂದ ಬೀದಿವರೆಗೆ ಎರಡು ಫೋನ್ ಹಿಡ್ಕೊಂಡು ಹುಚ್ಚಿ ಹಾಗೆ ಓಡಾಡಿ, ಕರೆ ಕಡೀದೇ ಇರೋ ಹಾಗೆ ಮೊದಲು ಮಾಡಿದ್ದು ಅವಳು. ಭಾವ ಅವಳನ್ನ ಮನೇಲಿ ಕೂರಿಸಿದ್ರು. ಕಂಪನಿ ಕಾಗದದಲ್ಲೆಲ್ಲ, ದಾಟ್ತು, ಕಾಗದದಲ್ಲೆಲ್ಲ ಅವರ ಹೆಸರು ಒಂದೇ. ಮುಂದಿನ ವಾರ ಸನ್ಮಾನ ಬೇರೆ ಇತ್ತು. ಅಕ್ಕಂಗೆ ಕರೆಯೋಲೇನೂ...”

ಅವನು ತಿರುವಿಗೆ ಬಂದಿದ್ದ. ಇನ್ಸ್‌ಪೆಕ್ಟರಮ್ಮ ಬೆರಳೆತ್ತಿ ನಿಂತಿದ್ದಳು.

“ಈಗೇನಂದ್ರಿ?”

“ಅಕ್ಕಂಗೆ ಕರೆಯೋಲೆ...”

“ಅದಕ್ಕಿಂತ ಮುಂಚೆ. ಕಾಗದದಲ್ಲೆಲ್ಲ, ಆಮೇಲೆ ಏನು?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ನಿಧಾನಕ್ಕೆ ಮೆಟ್ಟಿಲ ಮೇಲೆ ಕುಳಿತುಕೊಂಡ.

“ಪ್ರಯೋಗಶಾಲೆ ವೈಫೈ ಈ ಮೆಟ್ಟಿಲಿನ ಮೇಲೆ ಸಾಯುತ್ತೆ, ಬೀದಿ ಟವರ್ ಹಿಡ್ಕೊಳುತ್ತೆ, ಅಲ್ವಾ?” ಇನ್ಸ್‌ಪೆಕ್ಟರಮ್ಮ ಎರಡು ಮೆಟ್ಟಿಲು ಹತ್ತಿ ಅವನೆದುರು ನಿಂತಳು. “ಮೊನ್ನೆನೂ ಇಲ್ಲೇ ಟಿಕ್ ಅಂದಿತ್ತು. ನೀವು ‘ದಾಟ್ತು’ ಅಂದ್ರಿ. ಅಂದಿದ್ದು ನಿಮಗೇ ಗೊತ್ತಾಗಲಿಲ್ಲ, ಈಗ ಗೊತ್ತಾಗದ ಹಾಗೇನೇ. ಕುರ್ಚಿ ಬಿಟ್ಟು ಕದಲದವರು ಮೆಟ್ಟಿಲಿನ ಮೇಲೆ ಏನು ಮಾಡ್ತಿದ್ರಿ?”

“ನಾನು ಭಾವನ್ನ ಮುಟ್ಟಿಲ್ಲ.”

“ಗೊತ್ತು.”

ಅವನು ತಲೆಯೆತ್ತಿದ.

“ನೀವು ಮೆಟ್ಟಿಲಿನ ಮೇಲಿರೋವಾಗ್ಲೇ ಅವರು ಬಿದ್ದರು. ಸದ್ದು ಮುದ್ರಣದಲ್ಲಿದೆ. ನೀವು ಕೊಲ್ಲೋಕೆ ಓಡಲಿಲ್ಲ, ತಪ್ಪಿಸೋಕೆ ಓಡಿದ್ರಿ. ‘ನೀನ್ಯಾಕೆ ಬಂದೆ’ ಅಂತ ಭಾವ ಅಂದ ಕೂಡ್ಲೇ ಯಾರು ಬಂದ್ರು ಅಂತ ನಿಮಗೆ ಗೊತ್ತಾಯ್ತು. ಭಾವ ‘ನೀನು’ ಅನ್ನೋದು ಇಬ್ಬರಿಗೇ. ಅದರಲ್ಲಿ ಒಬ್ಬರು ಫೋನಿನಲ್ಲಿದ್ರು.”

ಭಾವಮೈದ ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದ.

“ಠಾಣೆಯ ಕಲ್ಲುಬೆಂಚಿನ ಮೇಲೆ ಒಬ್ಬ ಅಕ್ಕ ಕೂತಿದಾರೆ,” ಎಂದಳು ಇನ್ಸ್‌ಪೆಕ್ಟರಮ್ಮ. ಸಿಟ್ಟು ಬಂದಿತ್ತು, ಅಡಗಿಸುವ ಗೋಜಿಗೆ ಹೋಗಲಿಲ್ಲ. “ಅವರ ತಮ್ಮ ಮಾಡದ ತಪ್ಪು ಒಪ್ಕೊಳೋಕೆ ಕೂತಿದಾನೆ. ನಿಮ್ಮ ಅಕ್ಕನ್ನ ಉಳಿಸೋಕೆ ಅವರ ತಮ್ಮನ್ನ ಕೊಡ್ತೀರಾ? ಯಾವ ನ್ಯಾಯ ಇದು?”

“ನಾನು ಕಣ್ಣಾರೆ ನೋಡಿಲ್ಲ ಮೇಡಂ. ಯಾರು ಬಂದಿದ್ರೋ, ಏನೋ.”

“ಸರಿ. ಕಿವಿಯಾರೆ ಕೇಳಿ.”

ಅವಳು ತನ್ನ ಫೋನಿನಲ್ಲಿ ಮುದ್ರಣದ ಕೊನೆಯ ತುಣುಕು ಹಚ್ಚಿ, ದನಿ ಪೂರ್ತಿ ಏರಿಸಿ, ಅವನ ಕಿವಿಗೆ ಹಿಡಿದಳು. ಎಲ್ಲರೂ ಸಾವಿನ ನರಳಿಕೆ ಎಂದು ತಿಳಿದ ಪಿಸುದನಿ. ದಾರಿಯಲ್ಲಿ ಜೀಪಿನೊಳಗೆ ಕೂತು ಮತ್ತೆ ಮತ್ತೆ ಕೇಳಿದಾಗ ಅವಳಿಗೆ ಅನುಮಾನ ಬಂದಿತ್ತು. ಖಾತ್ರಿಯಾಗಲು ಆ ದನಿಯನ್ನು ಹುಟ್ಟಿದಂದಿನಿಂದ ಕೇಳಿದ ಕಿವಿ ಬೇಕಿತ್ತು.

ಅವನು ಫೋನನ್ನು ಕಿವಿಯಿಂದ ದೂರ ತಳ್ಳಿದ.

“ಮೇಷ್ಟ್ರ ಫೋನು ಹೆಣದ ಹತ್ರ ಸಿಗಲಿಲ್ಲ,” ಎಂದಳು. “ಯಾರೋ ಅದನ್ನ ಎತ್ಕೊಂಡು ಹೋದ್ರು. ನೀವು ಈ ತುದೀಲಿ ‘ಭಾವ, ಭಾವ’ ಅಂತ ಕೂಗ್ತಿದ್ರಲ್ಲ, ನಿಮಗೆ ಏನು ಗೊತ್ತಾಗಿದೆ ಅಂತ ತಿಳ್ಕೊಳೋಕೆ ಕಿವಿಗೆ ಹಿಡ್ಕೊಂಡೇ ಹೋದ್ರು. ನೆಲಮಾಳಿಗೆ ಬಿಟ್ಟು ಬೀದಿಗೆ ಬಂದ ಕೂಡ್ಲೇ ಆಸ್ಪತ್ರೆ ವೈಫೈ ಬಿಡ್ತು, ಟವರ್ ಹಿಡೀತು. ಟಿಕ್ ಅಂತು. ಹೇಳಿ, ಏನಂದ್ರು ಅವರು?”

“ಆ ಮಾತೇ ಅಕ್ಕನದು.” ಅವನ ದನಿ ಒಡೆದಿತ್ತು. “ನಾವೆಲ್ಲ ಅವಳಿಂದ ಕಲಿತಿದ್ದು. ಅಡುಗೆ ಮಾಡ್ತಾ, ಬಟ್ಟೆ ಹರವ್ತಾ, ಯಾವಾಗ ನೋಡಿದ್ರೂ ‘ದಾಟ್ತು, ದಾಟ್ತು’. ನಾನು ಚಿಕ್ಕವನಿದ್ದಾಗ ಅವಳನ್ನ ಅದನ್ನೇ ಹೇಳಿ ಗೇಲಿ ಮಾಡ್ತಿದ್ದೆ.” ಅಂಗೈಯಿಂದ ಮುಖ ಒರೆಸಿಕೊಂಡ. “ಆಸ್ಪತ್ರೆ ಬಾಗಿಲಲ್ಲಿ ಎದುರಾದಳು. ಫೋನು ಚೀಲಕ್ಕೆ ಹಾಕ್ಕೊಂಡಳು. ‘ನೀನು ಕುರ್ಚಿ ಬಿಟ್ಟು ಎದ್ದಿಲ್ಲ, ತಿಳೀತಾ?’ ಅಂದಳು. ನಮ್ಮಮ್ಮ ಸತ್ತಾಗ ನನ್ನ ಕೈಹಿಡಿದು ಶಾಲೆಗೆ ಬಿಟ್ಟವಳು ಮೇಡಂ ಅವಳು. ನಾನು ವಾಪಸ್ ಬಂದು ಕುರ್ಚೀಲಿ ಕೂತೆ.”

ಇನ್ಸ್‌ಪೆಕ್ಟರಮ್ಮನಿಗೆ ಅವನ ಮೇಲೆ ಕನಿಕರ ಹುಟ್ಟಿತು, ಅದು ಹುಟ್ಟಿದ್ದಕ್ಕೆ ತನ್ನ ಮೇಲೇ ರೇಗಿತು.

“ಆ ಫೋನು ಈಗ ಎಲ್ಲಿದೆ?”

“ಗೊತ್ತಿಲ್ಲ. ಬೆಳಿಗ್ಗೆ ಕೇಳಿದೆ. ‘ಅದು ಎಲ್ಲಿರ್ಬೇಕೋ ಅಲ್ಲಿ ಸಿಗುತ್ತೆ, ನೀನು ಸುಮ್ನಿರು’ ಅಂದಳು.”

ಎಲ್ಲಿರಬೇಕೋ ಅಲ್ಲಿ. ಇನ್ಸ್‌ಪೆಕ್ಟರಮ್ಮನಿಗೆ ಸಾಹೇಬರ ಮಾತು ನೆನಪಾಯಿತು. ಫೋನು ಗಾಡಿಯಲ್ಲಿ ಸಿಕ್ಕರೆ ಕೇಸು ಮುಗೀತು, ಸಿಹಿ ಹಂಚಿ. ಇನ್ನೊಂದು ಕೀ ಮೇಷ್ಟ್ರ ಮನೆಯಲ್ಲಿದೆ.

ಮೇಷ್ಟ್ರ ಹೆಂಡತಿಯ ನಂಬರು ಒತ್ತಿದಳು. ದನಿ ಇಬ್ಬರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿ, ತುಟಿಗೆ ಬೆರಳಿಟ್ಟು ಭಾವಮೈದನಿಗೆ ಸನ್ನೆ ಮಾಡಿದಳು. ಬಹಳ ಹೊತ್ತು ರಿಂಗಾಯಿತು.

“ಹಲೋ.” ದಣಿದ, ಮೆಲ್ಲಗಿನ ದನಿ.

“ನಾನಮ್ಮ, ಇನ್ಸ್‌ಪೆಕ್ಟರು. ಹೇಗಿದೀರಿ ಅಂತ ಕೇಳೋಣ ಅಂತ. ಮನೇಲಿದೀರಾ?”

“ಇನ್ನೆಲ್ಲಿಗೆ ಹೋಗ್ಲಮ್ಮ? ಹಾಸಿಗೆ ಬಿಟ್ಟು ಎದ್ದಿಲ್ಲ. ಕಣ್ಣು ಮುಚ್ಚಿದ್ರೆ ಅವರೇ ಬಂದು ನಿಂತ ಹಾಗಾಗುತ್ತೆ.”

“ಒಬ್ಬರೇ ಇದೀರಾ?”

“ಒಬ್ಬಳೇ.”

ಆಗ ಅದು ಕೇಳಿಸಿತು. ದೂರದಿಂದಲ್ಲ, ಫೋನಿನ ಪಕ್ಕದಲ್ಲೇ. ಉದ್ದಕ್ಕೆ ಕಿರ್ರ್ ಎಂದು ಅತ್ತು, ಕೊನೆಗೆ ಟಕ್ಕೆಂದು ಬಿಕ್ಕಿದ ಸದ್ದು. ಒಂದು ತೊಟ್ಟು ಎಣ್ಣೆ ಕಾಣದ ಕಬ್ಬಿಣ.

ಇನ್ಸ್‌ಪೆಕ್ಟರಮ್ಮನ ಠಾಣೆಯ ಗೇಟು. ಮಾತು ಬೆಳೆಸಬೇಕು, ಏನಾದರೂ ಹೇಳುತ್ತಿರಬೇಕು. ಇನ್ನೊಂದು ಕೈಯಿಂದ ಭಾವಮೈದನ ಫೋನು ಕಿತ್ತುಕೊಂಡು ಠಾಣೆಯ ನಂಬರು ಒತ್ತಿದಳು. ಬಿಜಿ. ಸಾಹೇಬರಿಗೆ ದಫೇದಾರ ಕಥೆ ಹೇಳುತ್ತಿದ್ದ, ಅವಳೇ ಹೇಳಿದ್ದ ಹಾಗೆ. ಗಾಡಿ ಕಾಯಬೇಕಿದ್ದ ಪಹರೆಯವನು ಎಲ್ಲಿ ಹೋಗಿದ್ದನೋ.

“ಡಾಕ್ಟರನ್ನ ಕಳಿಸ್ಲಾಮ್ಮ?” ಎಂದಳು ಸ್ಪೀಕರಿಗೆ.

“ಬೇಡಮ್ಮ. ಮಲಗಿದ್ರೆ ಸರಿಹೋಗುತ್ತೆ.” ಎಲ್ಲೋ ಕೀ ತಿರುಗಿತು. ಗಾಲಿಯ ಮೇಲೆ ಬಾಗಿಲು ಸರಿದ ಸದ್ದು. “ನೀವು ಆ ಡ್ರೈವರನ್ನ ಮಾತ್ರ ಬಿಡಬೇಡಿ. ಅವನು ಅವರನ್ನ ಯಾವ ರೀತಿ ನೋಡ್ತಿದ್ದ ಅಂದ್ರೆ... ದಾಟ್ತು... ನೋಡಿದ್ರೆ ಭಯ ಆಗ್ತಿತ್ತು.”

ಭಾವಮೈದ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಗಾಡಿಯ ವೈಫೈ ಅವಳ ಫೋನನ್ನು ಹಿಡಿದಿತ್ತು. ಆಡಿದವಳಿಗೆ ತಾನು ಆಡಿದ್ದು ಕೇಳಿಸಿತ್ತು. ಇಬ್ಬರು ಹೆಂಗಸರೂ ಒಬ್ಬರ ಉಸಿರನ್ನು ಒಬ್ಬರು ಕೇಳುತ್ತ ಸುಮ್ಮನಿದ್ದರು.

ಆ ಮೌನದೊಳಕ್ಕೆ, ಗಾಡಿಯ ಹೊರಗಿನಿಂದ, ಮೂರನೆಯ ದನಿಯೊಂದು ಬಂತು. ಕಲ್ಲುಬೆಂಚಿನಿಂದ ಎದ್ದು ಬಂದ ದನಿ.

“ಯಾರದು? ಯಾರಮ್ಮ ನೀವು, ನನ್ ತಮ್ಮನ ಗಾಡಿ ಒಳಗೆ? ಕೈಲೇನದು?”

“ಟೈಲರಕ್ಕ, ಓಡ್ರಿ! ದಫೇದಾರನ್ನ ಕೂಗ್ರಿ!” ಇನ್ಸ್‌ಪೆಕ್ಟರಮ್ಮ ಮೆಟ್ಟಿಲುಗಳು ನಡುಗುವ ಹಾಗೆ ಕಿರುಚಿದಳು. ಕಿವಿಗಿಟ್ಟ ಫೋನಿನೊಳಗಿನ ಕೂಗು ಹೊರಗಿರುವವರಿಗೆ ಎಲ್ಲಿ ಕೇಳಬೇಕು?

“ನೀನು ಅವನ ಅಕ್ಕ ಅಲ್ವಾ?” ಮೇಷ್ಟ್ರ ಹೆಂಡತಿಯ ದನಿಯಲ್ಲಿ ಈಗ ದಣಿವು ಇರಲಿಲ್ಲ. ಅಕ್ಕರೆಯಿತ್ತು. “ಬಾಮ್ಮ, ಒಳಗೆ ಬಾ. ನಿನ್ನ ತಮ್ಮನನ್ನ ಬಿಡಿಸೋ ವಿಷಯ ಒಂದಿದೆ, ಹೇಳ್ತೀನಿ.”

ಬುತ್ತಿಡಬ್ಬಿ ಕೆಳಗಿಟ್ಟ ಸದ್ದು. ಹತ್ತಿದ ಹೆಜ್ಜೆ. ಗಾಲಿಯ ಮೇಲೆ ಬಾಗಿಲು ಸರಿದು ಮುಚ್ಚಿತು.

ಕರೆ ಮಾತ್ರ ಕಡಿಯಲಿಲ್ಲ.